ಮುಚ್ಚಳ ಒತ್ತಿ ನೋಡಿ

ಮಡಕಶಿರಾ ಸೀಮೆ ಹುಣಸೆಯ ಸೀಮೆ. ರೊಳ್ಳ, ಅಗಳಿ ಕಡೆಯ ಮನೆಗಳಲ್ಲಿ ಬೀಜ ಗಟ್ಟಿಯಾಗುವ ಮುಂಚೆಯೇ ಕಾಯಿ ಕಿತ್ತು, ಉಪ್ಪು ಅರಿಸಿನ ಹಾಕಿ ಕುಟ್ಟಿ, ಜಾಡಿಗೆ ತುಂಬಿ ಬಾಯಿಗೆ ಬಟ್ಟೆ ಬಿಗಿದರೆ ತೊಕ್ಕು ವರ್ಷ ದಾಟುತ್ತದೆ. ಅದಕ್ಕೆ ಸೀಲೂ ಇಲ್ಲ, ಗ್ಯಾರಂಟಿ ಚೀಟಿಯೂ ಇಲ್ಲ. ಉಪ್ಪು, ಹುಳಿ ಎರಡೇ ಕಾವಲು.

ಅಂಗಡಿಯ ಜಾಮು, ಸಾಸಿನ ಗಾಜಿನ ಬಾಟಲಿಗೆ ಕಾವಲು ಬೇರೆ. ಬಿಸಿ ಬಿಸಿಯಾಗಿಯೇ ತುಂಬಿ ಮುಚ್ಚುತ್ತಾರೆ. ಆರಿದಂತೆ ಒಳಗಿನ ಆವಿ ನೀರಾಗಿ ಇಳಿದು ಮೇಲಿನ ಜಾಗ ಖಾಲಿಯಾಗುತ್ತದೆ, ಹೊರಗಿನ ಗಾಳಿ ಮುಚ್ಚಳವನ್ನು ಒಳಕ್ಕೆ ಅದುಮುತ್ತದೆ. ಫ್ರಾನ್ಸಿನ ನಿಕೋಲಾ ಅಪೆರ್ ಗಾಜಿನ ಬಾಟಲಿಯಲ್ಲಿ ಆಹಾರ ಕೆಡದಂತೆ ಇಡುವುದನ್ನು ಸಾಧಿಸಿ 1810ರಲ್ಲಿ 12,000 ಫ್ರಾಂಕ್ ಬಹುಮಾನ ಪಡೆದ. ಏಕೆ ಕೆಡುವುದಿಲ್ಲ ಎಂಬುದು ಅವನಿಗೇ ಗೊತ್ತಿರಲಿಲ್ಲ. ಅದನ್ನು ಹೇಳಲು ಪಾಶ್ಚರ್ ಬರಬೇಕಾಯಿತು.

ಪರೀಕ್ಷೆ ಕೊಳ್ಳುವ ಮುಂಚೆಯೇ ಆಗಬೇಕು. ಬಾಟಲಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದರೆ ಮುಚ್ಚಳದ ನಡು ತುಸು ತಗ್ಗಿರಬೇಕು. ಅನುಮಾನ ಬಂದರೆ ಮಕ್ಕಳ ಸ್ಕೇಲನ್ನು ಅಡ್ಡ ಇಡಿ, ಕೆಳಗೆ ಬೆಳಕಿನ ಗೀರು ಕಾಣುತ್ತದೆ. ಹೆಬ್ಬೆರಳಲ್ಲಿ ಒತ್ತಿದರೆ ಅಲುಗಬಾರದು. ‘ಟಿಕ್’ ಎಂದು ಕುಣಿದರೆ ಗಾಳಿ ಹೊಕ್ಕಿದೆ ಎಂದೇ ಅರ್ಥ. ಚಮಚದ ಬೆನ್ನಿನಿಂದ ತಟ್ಟಿ ಕೇಳುವುದು ನನಗೆ ಎಲ್ಲಕ್ಕಿಂತ ಇಷ್ಟ: ಬಿಗಿ ಮುಚ್ಚಳ ಕಣಕಣ ಎನ್ನುತ್ತದೆ, ಸಡಿಲವಾದದ್ದು ಬೊದ್ದು ದನಿ ಕೊಡುತ್ತದೆ. ಆದರೆ ಒಳಗಿನ ಪದಾರ್ಥ ಮುಚ್ಚಳಕ್ಕೆ ತಾಗಿದ್ದರೂ ದನಿ ಬೊದ್ದಾಗುತ್ತದೆ, ಹಾಗಾಗಿ ಒಂದೇ ಪೆಟ್ಟಿಗೆ ತೀರ್ಪು ಕೊಡಬೇಡಿ. ದೊಡ್ಡ ಕಾರ್ಖಾನೆಗಳಲ್ಲೂ ಯಂತ್ರ ಮಾಡುವುದು ಇದನ್ನೇ, ಮುಚ್ಚಳವನ್ನು ಮಿಡಿದು ಕೇಳುವುದು.

ನಮ್ಮ ಸೀಮೆಗೆ ಇನ್ನೊಂದು ಲೆಕ್ಕವಿದೆ. ಮಡಕಶಿರಾ ಸಮುದ್ರಮಟ್ಟದಿಂದ ಎರಡು ಸಾವಿರ ಅಡಿಗೂ ಮೇಲಿದೆ. ಸಾವಿರ ಅಡಿ ಏರಿದರೆ ಗಾಳಿಯ ಒತ್ತಡ ಸುಮಾರು ಒಂದು ಇಂಚು ಪಾದರಸದಷ್ಟು ತಗ್ಗುತ್ತದೆ. ಚೆನ್ನೈಯಲ್ಲಿ ಮುಚ್ಚಿದ ಬಾಟಲಿ ಇಲ್ಲಿಗೆ ಬರುವಷ್ಟರಲ್ಲಿ ಎರಡು ಇಂಚಿನಷ್ಟು ಬಿಗಿ ಬಿಟ್ಟಿರುತ್ತದೆ. ಚಿಪ್ಸ್ ಪೊಟ್ಟಣ ಘಾಟಿ ಹತ್ತಿದಾಗ ಊದುವುದೂ ಇದೇ ಕಾರಣಕ್ಕೆ. ಒಳ್ಳೆಯ ಬಾಟಲಿ ಈ ನಷ್ಟ ತಾಳಿಕೊಳ್ಳುತ್ತದೆ. ಮೊದಲೇ ಅರೆಮನಸ್ಸಿನಿಂದ ಮುಚ್ಚಿದ್ದು ಇಲ್ಲಿ ಸಿಕ್ಕಿಬೀಳುತ್ತದೆ.

ಇಷ್ಟಾದರೂ ಬಿಗಿ ಮುಚ್ಚಳವನ್ನು ಪೂರಾ ನಂಬಬೇಡಿ. ಬಾಟ್ಯುಲಿಸಂ ಎಂಬ ಆಹಾರ ವಿಷಬಾಧೆ ತರುವ ಕ್ಲಾಸ್ಟ್ರಿಡಿಯಂ ಎಂಬ ಸೂಕ್ಷ್ಮಾಣು ಬೆಳೆಯುವುದೇ ಗಾಳಿಯಿಲ್ಲದ ಕಡೆ. ಪಿಎಚ್ 4.6ಕ್ಕಿಂತ ಕೆಳಗಿನ ಹುಳಿಯಲ್ಲಿ ಮಾತ್ರ ಅದರ ಆಟ ನಡೆಯದು. ಹುಣಸೆ ಅದಕ್ಕಿಂತ ಎಷ್ಟೋ ಹುಳಿ, ಹಾಗಾಗಿ ಬಟ್ಟೆ ಕಟ್ಟಿದ ಜಾಡಿಗೆ ಆ ಭಯವಿಲ್ಲ. ಹಸಿ ಬೆಳ್ಳುಳ್ಳಿಯನ್ನು ಬರೀ ಎಣ್ಣೆಯಲ್ಲಿ ಮುಳುಗಿಸಿ ಬಿಗಿಯಾಗಿ ಮುಚ್ಚಿಡುವವರಿಗೆ ಇದೆ.

ಮುಚ್ಚಳ ಉಬ್ಬಿದ ಬಾಟಲಿಯನ್ನು ಅರ್ಧ ಬೆಲೆಗೆ ಕೊಟ್ಟರೂ ತರಬೇಡಿ. ಮನೆಯಲ್ಲೇ ಉಬ್ಬಿದ್ದರೆ ರುಚಿ ನೋಡಿ ತೀರ್ಮಾನಿಸಲೂ ಹೋಗಬೇಡಿ, ಎಸೆದುಬಿಡಿ.