ಆರ್ಮ್‌ಸ್ಟ್ರಾಂಗ್ ಕೇಳಿರದ ಅಜಾನ್

ಚಂದ್ರನ ಮೇಲೆ ಮೊದಲು ಕಾಲಿಟ್ಟ ನೀಲ್ ಆರ್ಮ್‌ಸ್ಟ್ರಾಂಗ್ ಕುರಿತು ಎರಡು ಕಥೆಗಳು ನಮ್ಮ ಮುಂದಿವೆ. ಒಂದು, ಡೇಮಿಯನ್ ಶಜೆಲ್ 2018ರಲ್ಲಿ ತೆರೆಗೆ ತಂದ ‘ಫಸ್ಟ್ ಮ್ಯಾನ್’ ಚಿತ್ರ. ಇನ್ನೊಂದು, ನಿರ್ದೇಶಕನೂ ಚಿತ್ರಮಂದಿರವೂ ಇಲ್ಲದೆ ನಾಲ್ಕು ದಶಕಗಳಿಂದ ಓಡುತ್ತಿರುವ ಕಥೆ. ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ವಿಚಿತ್ರ ದನಿಯೊಂದನ್ನು ಕೇಳಿದರಂತೆ. ಮುಂದೆ ಕೈರೋದಲ್ಲಿದ್ದಾಗ ಮಸೀದಿಯಿಂದ ಅದೇ ದನಿ ಬಂದಿತಂತೆ. ಅದು ಅಜಾನ್ ಎಂದು ತಿಳಿದೊಡನೆ ಅವರು ಇಸ್ಲಾಮ್ ಸ್ವೀಕರಿಸಿದರಂತೆ. ಈ ‘ಅಂತೆ’ಗಳನ್ನು ಕೇಳದೆ ಬೆಳೆದವರು ನಮ್ಮ ತಲೆಮಾರಿನ ಮುಸ್ಲಿಮರಲ್ಲಿ ಅಪರೂಪ. ಮೊದಲನೆಯದು ಕಲ್ಪನೆಯನ್ನು ಬೆರೆಸಿಕೊಂಡ ಕಲಾಕೃತಿ. ಎರಡನೆಯದು ಸುದ್ದಿಯ ವೇಷ ತೊಟ್ಟ ಕಲ್ಪನೆ. ಇವೆರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕೆಂದು ನಮಗನಿಸುತ್ತದೆ.

ಜೇಮ್ಸ್ ಹ್ಯಾನ್ಸನ್ ಬರೆದು 2005ರಲ್ಲಿ ಪ್ರಕಟವಾದ ಜೀವನಚರಿತ್ರೆ ಈ ಚಿತ್ರಕ್ಕೆ ಆಧಾರ. ಹೊಳೆಯುವ ನೌಕೆ, ಗುಡುಗುವ ಸಂಭಾಷಣೆ, ಎದೆಯುಬ್ಬಿಸಿದ ನಾಯಕ ಇವನ್ನೆಲ್ಲ ನಿರೀಕ್ಷಿಸಿದವರಿಗೆ ಇಲ್ಲಿ ನಿರಾಸೆ ಕಾದಿದೆ. ಶಜೆಲ್ ತೋರಿಸುವುದು ಕಿರುಗುಟ್ಟುವ ತಗಡು, ಅದುರುವ ಸ್ಕ್ರೂಗಳು, ಕೈಕಾಲು ಚಾಚಲಾಗದ ಇಕ್ಕಟ್ಟು. 1966ರ ಮಾರ್ಚಿನಲ್ಲಿ ಥ್ರಸ್ಟರ್ ಒಂದು ಕೆಟ್ಟು ಜೆಮಿನಿ-8 ನೌಕೆ ಬುಗುರಿಯಂತೆ ತಿರುಗತೊಡಗಿತು. ಪ್ರಜ್ಞೆ ತಪ್ಪುವ ಅಂಚಿನಲ್ಲಿ ಆರ್ಮ್‌ಸ್ಟ್ರಾಂಗ್ ಅದನ್ನು ಹತೋಟಿಗೆ ತಂದರು. ಆ ಪ್ರಸಂಗವನ್ನು ನೋಡುವಾಗ ನಮ್ಮ ಹೊಟ್ಟೆಯೂ ತೊಳಸುತ್ತದೆ. 1968ರ ಮೇ ತಿಂಗಳಲ್ಲಿ ತರಬೇತಿಯ ಹಾರುಯಂತ್ರ ಕೈಕೊಟ್ಟಾಗ ಅವರು ಪ್ಯಾರಾಚೂಟ್‌ನಿಂದ ಬದುಕಿಕೊಂಡರು. ಧೈರ್ಯವೆಂದರೆ ಘೋಷಣೆಯಲ್ಲ, ಕೆಲಸದ ಶಿಸ್ತು ಎಂಬುದನ್ನು ಚಿತ್ರ ಹೇಳದೆಯೇ ಹೇಳುತ್ತದೆ.

ಈ ಶಿಸ್ತಿನ ಒಳಗೊಂದು ಗಾಯವಿದೆ. ಮೂರು ವರ್ಷ ತುಂಬುವ ಮೊದಲೇ ಮಗಳು ಕ್ಯಾರೆನ್ 1962ರ ಜನವರಿಯಲ್ಲಿ ಮೆದುಳಿನ ಗಡ್ಡೆಯಿಂದ ತೀರಿಕೊಂಡಳು. ಆ ದುಃಖವನ್ನು ಆರ್ಮ್‌ಸ್ಟ್ರಾಂಗ್ ಯಾರೊಡನೆಯೂ ತೋಡಿಕೊಳ್ಳಲಿಲ್ಲ. ರಯಾನ್ ಗಾಸ್ಲಿಂಗ್ ಅವರ ಅಭಿನಯದ ಬಲವೆಲ್ಲ ಈ ಹೇಳದಿರುವಿಕೆಯಲ್ಲೇ ಇದೆ.

1969ರ ಜುಲೈ 20ರ ದೃಶ್ಯಕ್ಕೆ ಬರೋಣ. ಕಂಪ್ಯೂಟರ್ ಮತ್ತೆ ಮತ್ತೆ ಎಚ್ಚರಿಕೆಯ ಸಂಕೇತ ಕೊಡುತ್ತಿದೆ. ಇಳಿಯಬೇಕಾದ ಕಡೆ ಬಂಡೆಗಳು ಚೆಲ್ಲಾಡಿದ ಕುಳಿ ಎದುರಾಗಿದೆ. ಆರ್ಮ್‌ಸ್ಟ್ರಾಂಗ್ ನಿಯಂತ್ರಣವನ್ನು ತಮ್ಮ ಕೈಗೆ ತೆಗೆದುಕೊಂಡು ಬಂಡೆಗಳನ್ನು ದಾಟಿ ಮುಂದೆ ಹಾರಿಸುತ್ತಾರೆ. ‘30 ಸೆಕೆಂಡು’ ಎಂದು ಭೂಮಿಯಿಂದ ಎಚ್ಚರಿಕೆ ಬಂದ ಮೇಲೆ ಈಗಲ್ ನೌಕೆ ನೆಲ ಮುಟ್ಟುತ್ತದೆ. ಬಳಿಕ ಬಾಗಿಲು ತೆರೆಯುತ್ತದೆ, ಚಿತ್ರದ ಸದ್ದೆಲ್ಲ ಒಮ್ಮೆಲೇ ನಿಂತುಹೋಗುತ್ತದೆ. ಗಾಳಿಯೇ ಇಲ್ಲದ ಆ ನೆಲದಲ್ಲಿ ದನಿಯೂ ಇಲ್ಲ. ಚಿತ್ರದ ಶ್ರೇಷ್ಠ ಗಳಿಗೆ ಇದೇ. ವದಂತಿ ಎಲ್ಲಿ ಅಜಾನ್ ಇಟ್ಟಿತೋ, ಅಲ್ಲಿ ಈ ಚಿತ್ರ ಮೌನವನ್ನು ಇಟ್ಟಿದೆ.

ಆದರೆ ಆ ಮೌನವನ್ನು ಹಾಗೆಯೇ ಬಿಡುವ ಸಂಯಮ ಶಜೆಲ್ ಅವರಿಗೂ ಇಲ್ಲ. ಆರ್ಮ್‌ಸ್ಟ್ರಾಂಗ್ ಸುಮಾರು 60 ಮೀಟರ್ ದೂರದ ಕುಳಿಯೊಂದರ ಅಂಚಿಗೆ ಒಬ್ಬರೇ ಹೋಗಿ ಬಂದದ್ದು ನಿಜ. ಅಲ್ಲಿ ಅವರು ಮಗಳ ಕೈಬಳೆಯನ್ನು ಕುಳಿಯೊಳಗೆ ಬಿಡುವಂತೆ ಚಿತ್ರ ತೋರಿಸುತ್ತದೆ. ಇದಕ್ಕೆ ಪುರಾವೆಯಿಲ್ಲ. ಕಥೆ ಬರೆಯುವ ನಮಗೆ ಈ ಆಸೆ ಅರ್ಥವಾಗುತ್ತದೆ. ಯಾರೂ ನೋಡದ ಕೆಲವು ನಿಮಿಷ ಸಿಕ್ಕರೆ ಯಾವ ಕಥೆಗಾರನ ಕೈ ಸುಮ್ಮನಿರುತ್ತದೆ? ಆದರೂ ಒಬ್ಬ ಮನುಷ್ಯನ ಇಡೀ ಗಾಂಭೀರ್ಯಕ್ಕೆ ಒಂದೇ ದುಃಖದ ಕೀಲಿಕೈ ಕೊಟ್ಟಾಗ ಅವನು ಚಿಕ್ಕವನಾಗುತ್ತಾನೆ. ಅತ್ತ ಅಮೆರಿಕದಲ್ಲಿ ಎದ್ದ ಗದ್ದಲವೇ ಬೇರೆ. ಬಾವುಟ ನೆಡುವ ದೃಶ್ಯವನ್ನು ತೋರಿಸಿಲ್ಲವೆಂದು ಅಲ್ಲಿನ ಕೆಲವು ರಾಜಕಾರಣಿಗಳು ಸಿಟ್ಟಾದರು. ಅವರಿಗೆ ಆರ್ಮ್‌ಸ್ಟ್ರಾಂಗ್ ತಮ್ಮ ಬಾವುಟದ ಕೆಳಗೇ ನಿಂತಿರಬೇಕು.

ನಮ್ಮವರಿಗೆ ಅವರು ನಮ್ಮ ಸಫಿನಲ್ಲಿ ನಿಂತಿರಬೇಕು. ಈಜಿಪ್ಟ್, ಮಲೇಷ್ಯಾ, ಇಂಡೋನೇಷ್ಯಾಗಳಲ್ಲಿ ಹಬ್ಬಿದ ಮತಾಂತರದ ಸುದ್ದಿ ಎಷ್ಟು ಬೆಳೆಯಿತೆಂದರೆ, 1983ರ ಮಾರ್ಚಿನಲ್ಲಿ ಅಮೆರಿಕದ ವಿದೇಶಾಂಗ ಇಲಾಖೆ ಮುಸ್ಲಿಂ ದೇಶಗಳಲ್ಲಿರುವ ತನ್ನ ರಾಯಭಾರ ಕಚೇರಿಗಳಿಗೆ ಸಂದೇಶ ಕಳಿಸಬೇಕಾಯಿತು. ಯಾರ ಮನಸ್ಸನ್ನೂ ನೋಯಿಸುವ ಇಚ್ಛೆ ಆರ್ಮ್‌ಸ್ಟ್ರಾಂಗ್ ಅವರಿಗಿಲ್ಲ, ಆದರೆ ಸುದ್ದಿ ಸುಳ್ಳು ಎಂಬುದು ಅದರ ಸಾರ. 1969ರಲ್ಲಿ ಮೂವರು ಯಾತ್ರಿಗಳು ಕೈಗೊಂಡ ವಿಶ್ವಪ್ರವಾಸದಲ್ಲಿ ಟೆಹರಾನ್ ಇತ್ತು, ಢಾಕಾ ಇತ್ತು, ನಮ್ಮ ಮುಂಬಯಿಯೂ ಇತ್ತು. ಕೈರೋ ಇರಲಿಲ್ಲ.

ಪವಾಡ ಸಾಧ್ಯವೋ ಅಲ್ಲವೋ ಎಂಬುದು ಇಲ್ಲಿನ ತಕರಾರಲ್ಲ. ಪ್ರಶ್ನೆ ಇರುವುದು ಸಾಕ್ಷಿಯದು. ಹದೀಸ್ ವಿದ್ವಾಂಸರು ಒಂದು ಮಾತನ್ನು ಒಪ್ಪುವ ಮೊದಲು ಸನದ್ ಕೇಳುತ್ತಿದ್ದರು. ಹೇಳಿದವನು ಯಾರು, ಅವನಿಗೆ ಹೇಳಿದವನು ಯಾರು, ಇಬ್ಬರೂ ಭೇಟಿಯಾಗಿದ್ದರೇ, ಅವರ ನೆನಪು ಗಟ್ಟಿಯೇ ಎಂದು ಎಳೆಎಳೆಯಾಗಿ ಬಿಡಿಸುತ್ತಿದ್ದರು. ಇಂಥ ಪರಂಪರೆಯ ವಾರಸುದಾರರಾದ ನಾವು, ಮೊದಲ ರಾವಿಯೇ ‘ನಾನು ಹೇಳಿಲ್ಲ’ ಎಂದ ಮಾತನ್ನು ಕ್ಯಾಸೆಟ್‌ನಿಂದ ಕರಪತ್ರಕ್ಕೆ, ಕರಪತ್ರದಿಂದ ಮೊಬೈಲಿಗೆ ದಾಟಿಸುತ್ತ ಬಂದಿದ್ದೇವೆ. ಇದು ಆರ್ಮ್‌ಸ್ಟ್ರಾಂಗ್ ಅವರಿಗೆ ಮಾಡಿದ ಅನ್ಯಾಯ ಮಾತ್ರವಲ್ಲ, ನಮ್ಮ ಪೂರ್ವಿಕ ವಿದ್ವಾಂಸರಿಗೆ ಮಾಡಿದ ಅನ್ಯಾಯವೂ ಹೌದು.

ಇದರಿಂದಾದ ನಷ್ಟ ಇನ್ನೂ ಒಂದಿದೆ. ವದಂತಿಯ ಕೈರೋದಲ್ಲಿ ಆರ್ಮ್‌ಸ್ಟ್ರಾಂಗ್ ಅವರನ್ನು ಹುಡುಕುತ್ತಿದ್ದ ನಮ್ಮ ಕಣ್ಣಿಗೆ, ಅಪೋಲೊ ಯೋಜನೆಯಲ್ಲೇ ದುಡಿಯುತ್ತಿದ್ದ ನಿಜವಾದ ಈಜಿಪ್ಟಿನವರು ಬೀಳಲೇ ಇಲ್ಲ. 1938ರಲ್ಲಿ ಝಗಝೀಗ್‌ನಲ್ಲಿ ಹುಟ್ಟಿದ ಭೂವಿಜ್ಞಾನಿ ಫಾರೂಕ್ ಅಲ್ ಬಾಜ್, 1967ರಿಂದ ನೌಕೆಗಳು ಇಳಿಯುವ ತಾಣಗಳ ಆಯ್ಕೆಯಲ್ಲಿ ಕೆಲಸ ಮಾಡಿದರು. ಚಂದ್ರನ ನೆಲವನ್ನು ಓದುವುದನ್ನು ಯಾತ್ರಿಗಳಿಗೆ ಕಲಿಸಿದರು. ಯಾತ್ರಿಗಳು ಅವರನ್ನು ಪ್ರೀತಿಯಿಂದ ‘ಕಿಂಗ್’ ಎನ್ನುತ್ತಿದ್ದರು. ಅಪೋಲೊ-15ರ ಆಲ್ಫ್ರೆಡ್ ವರ್ಡನ್ ಚಂದ್ರನನ್ನು ಸುತ್ತುತ್ತ, ಕಿಂಗ್‌ನ ಪಾಠ ಕೇಳಿದ ಮೇಲೆ ಇಲ್ಲಿಗೆ ಮೊದಲೇ ಬಂದಿದ್ದೆನೆನಿಸುತ್ತದೆ ಎಂಬರ್ಥದ ಮಾತಾಡಿದ್ದರು. ಚಂದ್ರನ ಕುಳಿಗಳಿಗೆ ಅಲ್ ಬಿರೂನಿ, ಇಬ್ನ್ ಅಲ್ ಹೈಸಮ್, ಉಲುಗ್ ಬೇಗ್ ಇವರ ಹೆಸರುಗಳಿವೆ. ಇವರಾರೂ ಅಲ್ಲಿ ದನಿ ಕೇಳಿ ಹೆಸರು ಪಡೆದವರಲ್ಲ, ನೋಡಿ, ಅಳೆದು, ಲೆಕ್ಕ ಹಾಕಿ ಪಡೆದವರು. ನಮ್ಮ ಮೊಹಲ್ಲಾದ ಹುಡುಗಿಯೊಬ್ಬಳು ವಿಜ್ಞಾನ ಓದುತ್ತೇನೆಂದಾಗ ಅವಳಿಗೆ ಯಾವ ಕಥೆ ಹೇಳಬೇಕು? ಆಕಾಶದಿಂದ ಪ್ರಮಾಣಪತ್ರ ತಂದವನದೋ, ಝಗಝೀಗ್‌ನಿಂದ ಹೊರಟು ಚಂದ್ರನ ನಕ್ಷೆ ಓದಿದವನದೋ?

ಸೋತ ಸಮುದಾಯಗಳು ಇಂಥ ಸಮಾಧಾನವನ್ನು ಯಾಕೆ ಹುಡುಕುತ್ತವೆಂಬುದು ನಮಗೆ ಗೊತ್ತು. ಗೆದ್ದವನು ಕೊನೆಗೂ ನಮ್ಮವನೇ ಆದ ಎಂದರೆ ಸೋಲು ಕೊಂಚ ಹಗುರವಾಗುತ್ತದೆ. ಆದರೆ ದಿನಕ್ಕೆ ಐದು ಸಲ ಭೂಮಿಯ ಮೇಲೆ ಕೇಳುವ ಅಜಾನ್‌ಗೆ ಚಂದ್ರನ ಶಿಫಾರಸು ಯಾಕೆ ಬೇಕು? ಇದಕ್ಕೆದುರಾಗಿ ಇನ್ನೊಂದು ಗುಂಪಿದೆ. ಅದರ ಪ್ರಕಾರ ಮನುಷ್ಯ ಅಲ್ಲಿಗೆ ಹೋಗಲೇ ಇಲ್ಲ, ಎಲ್ಲವೂ ಸ್ಟುಡಿಯೋದ ಆಟ. 2021ರಲ್ಲಿ, ಬೆಂಗಳೂರಿನಿಂದ ನಡೆಸುವ ನಮ್ಮ ಚಂದ್ರಯಾನ-2ರ ಕ್ಯಾಮೆರಾ, ಅಲ್ಲೇ ಉಳಿದ ಈಗಲ್‌ನ ಕೆಳಭಾಗವನ್ನು ಚಿತ್ರಿಸಿತು. ಇಳಿದದ್ದು ನಿಜ, ಅಜಾನ್ ಕೇಳಿದ್ದು ಸುಳ್ಳು. ಎರಡನ್ನೂ ಒಟ್ಟಿಗೆ ಹೇಳುವ ಧೈರ್ಯ ಬೇಕು.

ಆರ್ಮ್‌ಸ್ಟ್ರಾಂಗ್ ಮಾತ್ರ ಯಾರ ಕಥೆಗೂ ಒಗ್ಗಲಿಲ್ಲ. 1971ರಿಂದ 1979ರವರೆಗೆ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದರು. ತಮ್ಮನ್ನು ಬರೀ ಎಂಜಿನಿಯರ್ ಎಂದು ಕರೆದುಕೊಂಡರು. ಹಸ್ತಾಕ್ಷರಗಳು ಮಾರಾಟವಾಗುವುದನ್ನು ಕಂಡು ಸಹಿ ಹಾಕುವುದನ್ನೇ ನಿಲ್ಲಿಸಿದರು. ಗೆಲುವನ್ನು ಅಪೋಲೊಗಾಗಿ ದುಡಿದ ಸುಮಾರು 4 ಲಕ್ಷ ಜನರಿಗೆ ಹಂಚಿದರು. ಚಂದ್ರನ ಮೇಲೆ ಹೆಚ್ಚು ಹೊತ್ತು ಕ್ಯಾಮೆರಾ ಇದ್ದದ್ದು ಅವರ ಕೈಯಲ್ಲೇ. ಹಾಗಾಗಿ ಹೆಸರಾಂತ ಆ ಚಿತ್ರದಲ್ಲಿ ನಿಂತಿರುವವರು ಬಜ್ ಆಲ್ಡ್ರಿನ್. ಮೊದಲ ಮನುಷ್ಯ ಕಾಣುವುದು ಆಲ್ಡ್ರಿನ್ನರ ಮುಖಗವಚದ ಗಾಜಿನಲ್ಲಿ, ಒಂದು ಸಣ್ಣ ಪ್ರತಿಬಿಂಬವಾಗಿ. 2012ರ ಆಗಸ್ಟ್ 25ರಂದು, 82ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಅವರ ಅವಶೇಷವನ್ನು ಅಟ್ಲಾಂಟಿಕ್ ಸಾಗರಕ್ಕೆ ಒಪ್ಪಿಸಲಾಯಿತು. ‘ಫಸ್ಟ್ ಮ್ಯಾನ್’ ನೋಡುವವರು ಕೈಬಳೆಯ ದೃಶ್ಯವನ್ನು ಮರೆತರೂ ನಷ್ಟವಿಲ್ಲ. ಬಾಗಿಲು ತೆರೆದಾಗ ಕವಿಯುವ ಆ ಮೌನವನ್ನು ಮಾತ್ರ ನಮ್ಮ ಮಕ್ಕಳೊಡನೆ ಕೂತು ಒಮ್ಮೆ ಕೇಳಬೇಕು.