ಓನರ್‌ಗೆ ಕೇಳಿಸದ ಪಂಕ್

ರಮೋನ್ಸ್ ಅನ್ನೋ ಅಮೆರಿಕದ ಬ್ಯಾಂಡಿನ ಮೊದಲ ಆಲ್ಬಮ್ಮಿನಲ್ಲಿ 14 ಹಾಡುಗಳಿವೆ. ಎಲ್ಲ ಸೇರಿಸಿದರೂ ಅರ್ಧ ಗಂಟೆ ಆಗೋದಿಲ್ಲ. 1976ರಲ್ಲಿ ಬಂದ ಈ ಆಲ್ಬಮ್ಮನ್ನು ಮಾರತ್ತಹಳ್ಳಿಯಿಂದ ಸಿಲ್ಕ್ ಬೋರ್ಡ್ ತಲುಪೋದ್ರೊಳಗೆ ಪೂರ್ತಿ ಎರಡು ಸಲ ಕೇಳಬಹುದು, ಮಳೆ ಬಂದರೆ ಮೂರು ಸಲ. ಪಂಕ್ ಸಂಗೀತ ನನಗೆ ಇಷ್ಟ ಆಗೋಕೆ ಅದರ ಸಿಟ್ಟು, ಬಂಡಾಯ ಕಾರಣ ಅಂತ ಬರೆದರೆ ಓದೋಕೆ ಚೆನ್ನಾಗಿರುತ್ತೆ. ನಿಜವಾದ ಕಾರಣ ಏನಂದ್ರೆ, ಮಗು ಇರೋ ಮನೆಯಲ್ಲಿ ಎರಡು ನಿಮಿಷಕ್ಕಿಂತ ಉದ್ದದ ಹಾಡನ್ನು ಪೂರ್ತಿ ಕೇಳೋಕೆ ಆಗಲ್ಲ.

ನಮ್ಮ ಮನೆ ಸ್ಪೀಕರ್ ನನ್ನ ಕೈ ತಪ್ಪಿ ಆರು ವರ್ಷ ಆಯ್ತು. ಮಗಳ ವಯಸ್ಸೂ ಅಷ್ಟೇ. ಬೆಳಿಗ್ಗೆ ಸ್ಕೂಲ್ ವ್ಯಾನ್ ಬರೋವರೆಗೆ ಅವಳ ರೈಮ್ಸು, ಸಂಜೆ ಸದ್ಯಕ್ಕೆ ಅವಳಿಗೆ ಹುಚ್ಚು ಹಿಡಿಸಿರೋ ಒಂದೇ ಒಂದು ಸಿನಿಮಾ ಹಾಡು, ಏಳು ಗಂಟೆ ಮೇಲೆ ಸೀರಿಯಲ್ಲು. ಹೋದ ತಿಂಗಳಿಂದ ಅವ್ವನೂ ಊರಿಂದ ಬಂದಿದ್ದಾಳೆ, ಕಣ್ಣಿನ ಪೊರೆ ಆಪರೇಷನ್ ಆಗಿದೆ. ದಿನಕ್ಕೆ ನಾಲ್ಕು ಸಲ ಡ್ರಾಪ್ಸ್. ಒಂದು ಬಾಟಲಿಯದ್ದು ಹಾಕಿ, ಐದು ನಿಮಿಷ ಬಿಟ್ಟು, ಇನ್ನೊಂದು ಬಾಟಲಿಯದ್ದು. ಆ ಐದು ನಿಮಿಷ ಅವ್ವ ಕಣ್ಣು ಮುಚ್ಚಿಕೊಂಡು ಮಲಗಿರ್ತಾಳೆ, ನಾನು ಪಕ್ಕದಲ್ಲಿ ಕೂತು ಫೋನಿನಲ್ಲಿ ಹಾಡು ಹಚ್ಚಿಕೊಂಡಿರ್ತೀನಿ. ರಮೋನ್ಸ್‌ದು ಎರಡು ಹಾಡು ಅಷ್ಟರಲ್ಲಿ ಸರಿಯಾಗಿ ಮುಗಿಯುತ್ತೆ. ನಾಲ್ಕನೇ ದಿನಕ್ಕೆ ಅವ್ವ ಕಣ್ಣು ತೆರೆಯದೇನೇ ಕೇಳಿದಳು, "ಏನಪ್ಪಾ ಇದು, ಒಂದಾ ಹಾಡ್ನ ಎಷ್ಟು ಸರ್ತಿ ಹಾಡ್ತಾನ?"

ಐವತ್ತು ವರ್ಷದಲ್ಲಿ ರಮೋನ್ಸ್ ಬಗ್ಗೆ ಬಂದ ವಿಮರ್ಶೆಗಳಲ್ಲಿ ಇದಕ್ಕಿಂತ ಚುಟುಕಾದದ್ದನ್ನು ನಾನಂತೂ ಓದಿಲ್ಲ.

ಅವ್ವನಿಗೆ ಹಾಡು, ಕಥೆ ಅಂದ್ರೆ ರಾತ್ರಿಯಿಡೀ ನಡೀಬೇಕು. ನಮ್ಮ ಬಳ್ಳಾರಿ ಜಿಲ್ಲೆಯ ದರೋಜಿ ಈರಮ್ಮನವರಿಗೆ ಓದು ಬರಹ ಇರಲಿಲ್ಲ, ಆದರೆ ದೊಡ್ಡ ದೊಡ್ಡ ಕಾವ್ಯಗಳನ್ನು ನೆನಪಿನಿಂದಲೇ ಹಾಡ್ತಿದ್ದರು. 2014ರಲ್ಲಿ ತೀರಿಕೊಂಡರು. ಬುರ್ರಕಥೆ ಆಗಲಿ ಬಯಲಾಟ ಆಗಲಿ, ಕೇಳೋರ ಹತ್ರ ಒಂದು ಇಡೀ ರಾತ್ರಿ ಇದೆ ಅಂತ ನಂಬಿಕೊಂಡೇ ಶುರುವಾಗುತ್ತೆ. ಪಂಕ್ ಹಾಗಲ್ಲ. ಯಾರೋ ಬಂದು ಪ್ಲಗ್ ಕೀಳೋದ್ರೊಳಗೆ ಹೇಳಿಬಿಡಬೇಕು ಅನ್ನೋ ಅವಸರ ಅದಕ್ಕೆ. ನಮ್ಮ ಮನೆಯಲ್ಲಿ ಪ್ಲಗ್ ಕೀಳೋಳು ಆರು ವರ್ಷದೋಳು.

ಇಂಥ ಮನೆಯಿಂದ ಒಂದು ಶನಿವಾರ ಸಂಜೆ ಹೊರಗೆ ಬೀಳೋಕೆ ಸೋಮವಾರದಿಂದಲೇ ತಯಾರಿ ಬೇಕು. 2025ರ ಮಾರ್ಚಿನಲ್ಲಿ ಗ್ರೀನ್ ಡೇ ಮುಂಬೈಗೆ ಬಂದಾಗ ಮಗಳಿಗೆ ಜ್ವರ. ಮಹಾಲಕ್ಷ್ಮಿ ರೇಸ್ ಕೋರ್ಸಿನಲ್ಲಿ ಅವರು ಹಾಡ್ತಿದ್ದರೆ ನಾನು ಥರ್ಮಾಮೀಟರ್ ಹಿಡ್ಕೊಂಡು ಕೂತಿದ್ದೆ. ಈ ಸಲ ಇಂದಿರಾನಗರದ ಒಂದು ಪಬ್ಬಿನಲ್ಲಿ ಬೆಂಗಳೂರಿನದೇ ಹುಡುಗರ ಪಂಕ್ ಶೋ. ಬುಧವಾರ ರಾತ್ರಿ ಹೆಂಡತಿಯ ರಿಲೀಸ್ ಇತ್ತು, ಎರಡು ಗಂಟೆವರೆಗೂ ಅವಳು ಕಾಲ್‌ನಲ್ಲಿ. ಗುರುವಾರ ಸ್ಕೂಲಿನಿಂದ ಮೆಸೇಜು, ಸೋಮವಾರಕ್ಕೆ ಥರ್ಮಾಕೋಲಿನಲ್ಲಿ ಸೌರಮಂಡಲ ಬೇಕಂತೆ. ಶುಕ್ರವಾರ ಊರಿಂದ ಅಪ್ಪನ ಫೋನು, ಕಾಲುವೆಗೆ ನೀರು ಬಿಟ್ಟಿಲ್ಲ, ಸಸಿಮಡಿ ಒಣಗಾಕತ್ತೈತಿ, ನಿಮ್ಮವ್ವನ್ನ ಯಾವಾಗ ಕಳಸ್ತೀ ಅಂತ. ಇಷ್ಟೆಲ್ಲ ಆದಮೇಲೆ ಹೆಂಡತಿ ಹೇಳಿದ್ದು ಒಂದೇ ಮಾತು: "ಹೋಗ್ ಬರ್ರಿ, ಆದ್ರ ಹತ್ತು ಗಂಟೆ ಡ್ರಾಪ್ಸ್ ನೀವಾ ಹಾಕ್ಬೇಕು."

ಈಗ ಶೋ ವಿಷಯ. ಬ್ಯಾಂಡಿನ ಹೆಸರು ಹೇಳೋದಿಲ್ಲ. ಇನ್ನೂ ಕಲೀತಿರೋ ಹುಡುಗರು, ಅವರ ಹೆಸರು ಹುಡುಕಿದರೆ ಮೊದಲು ನನ್ನ ಕೊಂಕು ಸಿಗೋದು ಬೇಡ. ನಾಲ್ಕು ಜನ. ಡ್ರಮ್ಮರ್ ಹುಡುಗಿ ಅದ್ಭುತ, ಒಂದು ಬೀಟ್ ಕೂಡ ಆಚೀಚೆ ಹೋಗಲಿಲ್ಲ. ಪಂಕ್‌ನಲ್ಲಿ ಅಷ್ಟು ಅಚ್ಚುಕಟ್ಟು ಬೇಕಿಲ್ಲ ಅನ್ನೋರೂ ಇದ್ದಾರೆ, ನಾನು ಆ ಪೈಕಿ ಅಲ್ಲ. ಏಳೂವರೆ ಅಂತ ಹಾಕಿ ಎಂಟು ಇಪ್ಪತ್ತಕ್ಕೆ ಶುರು ಮಾಡಿದರು. ಟಿಕೆಟ್ 799 ರೂಪಾಯಿ, 21 ವರ್ಷ ದಾಟಿದವರಿಗೆ ಮಾತ್ರ ಅಂತ ಅದರ ಮೇಲೇ ಬರೆದಿತ್ತು.

ಮೊದಲ ಒಂಬತ್ತು ಹಾಡು ಇಂಗ್ಲಿಷ್. ವ್ಯವಸ್ಥೆ ಸರಿ ಇಲ್ಲ, ಅವರು ನಮ್ಮನ್ನು ಆಳ್ತಿದ್ದಾರೆ, ನಾವು ಬಗ್ಗಲ್ಲ. ಯಾವ ವ್ಯವಸ್ಥೆ? ಅವರು ಅಂದ್ರೆ ಯಾರು? ಒಂಬತ್ತು ಹಾಡಿನಲ್ಲಿ ಒಬ್ಬರ ಹೆಸರೂ ಇಲ್ಲ, ಒಂದು ಬೀದಿ ಇಲ್ಲ, ಒಂದು ಆಫೀಸ್ ಇಲ್ಲ. ಕೆಟ್ಟ ಬೈಗುಳ ಬಂದಾಗಲೆಲ್ಲ ಜನ ಜೋರಾಗಿ ದನಿಗೂಡಿಸ್ತಿದ್ದರು. ಆ ಜನರಲ್ಲಿ ಅರ್ಧದಷ್ಟು ಐಡಿ ಕಾರ್ಡಿನ ಟ್ಯಾಗ್ ಜೇಬಿನಿಂದ ಇಣುಕ್ತಿರೋ ನನ್ನಂಥೋರು. ಶನಿವಾರ ವ್ಯವಸ್ಥೆಗೆ ಬೈದು ಸೋಮವಾರ ಅದಕ್ಕೇ ಲಾಗಿನ್ ಆಗೋರು. ಅದರಲ್ಲಿ ತಪ್ಪೇನಿಲ್ಲ, ಇಎಂಐ ಎಲ್ಲರಿಗೂ ಇದೆ. ಆದರೆ ಹಾಡಿಗೆ ವಿಳಾಸ ಇಲ್ಲದಿದ್ದರೆ ಆ ಬೈಗುಳ ಯಾರಿಗೂ ತಾಕೋದಿಲ್ಲ, ಹಾಡಿದೋರ ಗಂಟಲು ಮಾತ್ರ ಕಟ್ಟುತ್ತೆ.

ಹತ್ತನೆಯದು ಕನ್ನಡ ಹಾಡು. ಬಾಡಿಗೆ ಮನೆ ಖಾಲಿ ಮಾಡೋ ಹಾಡು. ಹತ್ತು ತಿಂಗಳ ಅಡ್ವಾನ್ಸು, ಖಾಲಿ ಮಾಡುವಾಗ ಪೇಂಟಿಂಗ್ ಅಂತ ಹಿಡ್ಕೊಳ್ಳೋ ಒಂದು ತಿಂಗಳ ಬಾಡಿಗೆ, ಗೋಡೆಗೆ ಹೊಡೆದ ಮೊಳೆ ಲೆಕ್ಕ, ಮಾಂಸ ಬೇಯಿಸ್ತೀರಾ ಅಂತ ಮೊದಲ ದಿನವೇ ಕೇಳಿದ ಪ್ರಶ್ನೆ, ಆ ಪ್ರಶ್ನೆ ಒಳಗಿರೋ ಇನ್ನೊಂದು ಪ್ರಶ್ನೆ. ಎರಡು ನಿಮಿಷವೂ ಇರಲಿಲ್ಲ. ಪೇಂಟಿಂಗ್ ಅಂದ ಕೂಡಲೇ ಎಲ್ಲರೂ ನಕ್ಕರು, ಮಾಂಸದ ಸಾಲಿಗೆ ನಗು ನಿಂತಿತು. ನನ್ನ ಪಕ್ಕದಲ್ಲಿ ಬಿಯರ್ ಹಿಡಿದಿದ್ದ ಹುಡುಗ ಗ್ಲಾಸ್ ಕೆಳಗಿಟ್ಟ. ಅವತ್ತು ರಾತ್ರಿ ನಾನು ಕೇಳಿದ ಪಂಕ್ ಅದೊಂದೇ.

ಪಂಕ್ ಹುಟ್ಟಿದ್ದೇ ಬೆರಳು ತೋರಿಸೋಕೆ. 1977ರಲ್ಲಿ ಇಂಗ್ಲೆಂಡಿನ ರಾಣಿ ಸಿಂಹಾಸನಕ್ಕೆ ಬಂದ ಇಪ್ಪತ್ತೈದನೇ ವರ್ಷದ ಸಂಭ್ರಮ ನಡೀತಿರುವಾಗ ಸೆಕ್ಸ್ ಪಿಸ್ಟಲ್ಸ್ 'ಗಾಡ್ ಸೇವ್ ದ ಕ್ವೀನ್' ಬಿಟ್ಟರು, ಬಿಬಿಸಿ ಹಾಕೋದಿಲ್ಲ ಅಂದಿತು. ಕ್ಲ್ಯಾಶ್ ಬ್ಯಾಂಡಿನ ಮೊದಲ ಸಿಂಗಲ್ ಹಿಂದೆ ಇದ್ದದ್ದು 1976ರಲ್ಲಿ ಲಂಡನ್ನಿನ ನಾಟಿಂಗ್ ಹಿಲ್‌ನಲ್ಲಿ ಕಪ್ಪು ಜನರಿಗೂ ಪೊಲೀಸರಿಗೂ ನಡೆದ ಗಲಾಟೆ. ರಷ್ಯಾದ ಪುಸ್ಸಿ ರಯಟ್ ಹುಡುಗಿಯರು 2012ರಲ್ಲಿ ಮಾಸ್ಕೋದ ದೊಡ್ಡ ಚರ್ಚಿನ ಒಳಗೇ ಹೋಗಿ ಪುಟಿನ್ ಹೆಸರು ಹಿಡಿದು ಕೂಗಿದರು, ಜೈಲಿಗೆ ಹೋದರು. ಯಾರನ್ನು ಕುರಿತು ಹಾಡಿದರೋ ಅವರಿಗೆ ಕೇಳಿಸಿತು, ಅದಕ್ಕೇ ಅಷ್ಟು ಗಲಾಟೆ ಆಯಿತು.

ನಮ್ಮಲ್ಲಿ ಇದಕ್ಕೆ ಪಂಕ್ ಅಂತ ಹೆಸರಿರಲಿಲ್ಲ ಅಷ್ಟೇ. 1973ರಲ್ಲಿ ಮಂತ್ರಿಯಾಗಿದ್ದ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯವನ್ನು ಬೂಸಾ ಅಂದದ್ದಕ್ಕೆ ಊರೂರಲ್ಲಿ ಗಲಭೆಯಾಗಿ ಅವರ ಮಂತ್ರಿಗಿರಿ ಹೋಯಿತು. ಆ ಬಿಸಿಯಲ್ಲೇ ದಲಿತ ಸಂಘರ್ಷ ಸಮಿತಿ ಬೆಳೀತು. 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು, ರಮೋನ್ಸ್ ಆಲ್ಬಮ್ಮಿಗಿಂತ ಒಂದು ವರ್ಷ ಮೊದಲು. ಅವರ ಪದ್ಯಗಳನ್ನು ಜನ ಮೆರವಣಿಗೆಯಲ್ಲಿ ಹಾಡಿಕೊಂಡು ಹೋದರು. ಹಾಡೋಕೆ ಸಂಗೀತದ ಪಾಠ ಬೇಕಿರಲಿಲ್ಲ, ಒಂದು ತಮಟೆ ಸಾಕಿತ್ತು. ಇಂಗ್ಲೆಂಡಿನ ಒಂದು ಪಂಕ್ ಪತ್ರಿಕೆ ಗಿಟಾರಿನ ಮೂರು ಕಾರ್ಡ್ ಬರೆದು, ಇಷ್ಟು ಬಂದರೆ ಬ್ಯಾಂಡ್ ಕಟ್ಟಿ ಅಂದಿತ್ತಂತೆ. ನಮ್ಮವರಿಗೆ ಮೂರು ಕೂಡ ಬೇಕಾಗಿರಲಿಲ್ಲ. ಇಂದಿರಾನಗರದ ಹುಡುಗರಿಗೆ ಲಂಡನ್ ಗೊತ್ತು, ನ್ಯೂಯಾರ್ಕ್ ಗೊತ್ತು, ಇದು ಗೊತ್ತಿದ್ದಂತೆ ಕಾಣಲಿಲ್ಲ. ಅವರ ಡ್ರಮ್ಮಿಗೆ ಅಷ್ಟು ಹತ್ತಿರದ ನೆಂಟಸ್ತಿಕೆ ಇಲ್ಲೇ ಇದೆ.

ಶೋ ಮಧ್ಯೆ ಹುಡುಗರೆಲ್ಲ ಗುಂಡಗೆ ಜಾಗ ಬಿಡಿಸಿಕೊಂಡು ಒಬ್ಬರಿಗೊಬ್ಬರು ಗುದ್ದಿಕೊಂಡು ಸುತ್ತೋಕೆ ಶುರು ಮಾಡಿದರು. ಅದಕ್ಕೆ ಪಿಟ್ ಅಂತಾರೆ. ಪಿಟ್ ಅಂದ್ರೆ ಕನ್ನಡದಲ್ಲಿ ಕುಣಿ. ನಮ್ಮೂರು ದೇಶನೂರು, ಸಿರುಗುಪ್ಪ ತಾಲೂಕು. ಭತ್ತದ ಸೀಮೆ. ಅಲ್ಲಿ ಮೊಹರಂಗೆ ಪೀರಲ ಹಬ್ಬ ಅಂತಾರೆ. ಮುಸ್ಲಿಮರ ಮನೆ ಕೆಲವೇ ಇರೋ ಊರಲ್ಲೂ ಎಲ್ಲ ಜಾತಿಯೋರು ಸೇರಿ ಮಾಡ್ತಾರೆ. ಅಲಾಯಿ ಕುಣಿ ತೆಗೀತಾರೆ, ಅದರಲ್ಲಿ ಬೆಂಕಿ, ಸುತ್ತಲೂ ಹೆಜ್ಜೆ ಹಾಕೋ ಗಂಡಸರು, ಹಲಗೆ ಸದ್ದು ಎದೆಗೇ ಬಡಿಯುತ್ತೆ. ನಾನು ಅದನ್ನು ಮೊದಲು ನೋಡಿದ್ದು ಅಪ್ಪನ ಹೆಗಲ ಮೇಲೆ ಕೂತು. ಅಲ್ಲೂ ಬೆವರು, ಅಲ್ಲೂ ತಳ್ಳಾಟ, ಬಿದ್ದರೆ ಎತ್ತೋ ಕೈಗಳು. ಪಂಕ್ ಪಿಟ್ಟಿನಲ್ಲೂ ಬಿದ್ದೋರನ್ನ ಎತ್ತಬೇಕು ಅನ್ನೋದೇ ಮೊದಲ ನಿಯಮ.

ಹಾಗಂತ ನಮ್ಮೂರಿನದೆಲ್ಲ ಚೆಂದ, ಪಬ್ಬಿನದೆಲ್ಲ ಡಾಂಭಿಕ ಅಂತ ನಾನು ಹೇಳಲ್ಲ. ಕುಣಿಯ ಸುತ್ತ ಕುಣೀತಿದ್ದೋರಲ್ಲಿ ನಮ್ಮ ಓಣಿಯೋರೂ ಇದ್ದರು. ಹಲಗೆ ಬಡೀತಿದ್ದೋರು ಬೇರೆ ಓಣಿಯೋರು. ಹಬ್ಬ ಮುಗಿದ ಮಾರನೇ ದಿನ ಆ ಓಣಿಯೋರಿಗೆ ನಮ್ಮ ಕಟ್ಟೆ ಮೇಲೆ ಜಾಗ ಇರಲಿಲ್ಲ. ಹಲಗೆ ಬಡಿಯೋದು ನಮ್ಮ ಜಾತಿ ಕೆಲಸ ಅಲ್ಲ, ಇನ್ನು ಬಡಿಯಲ್ಲ ಅಂತ ಎಷ್ಟೋ ಊರಿನ ದಲಿತರು ನಿಲ್ಲಿಸಿದ್ದಾರೆ, ಅದೇ ಹಲಗೆಯನ್ನು ಹೋರಾಟದ ವೇದಿಕೆಗೆ ತಂದು ಬೇರೆ ಥರ ಬಡಿದೂ ಇದ್ದಾರೆ. ಹಬ್ಬದ ಸದ್ದಿನ ಬಗ್ಗೆ ಬರೆಯೋ ನನ್ನಂಥೋರು ಬಡಿದೋರ ಕೈಯನ್ನು ಬಿಟ್ಟು ಬರೆದುಬಿಡ್ತೀವಿ.

ಆದರೂ ಆ ಹಬ್ಬದಲ್ಲಿ ಇದ್ದ ಒಂದು ಸಂಗತಿ ಪಬ್ಬಿನಲ್ಲಿ ಇಲ್ಲ, ಮಕ್ಕಳು. ಇದು ಪಂಕ್‌ನ ದೋಷ ಅಲ್ಲ. ಗ್ರೀನ್ ಡೇ ಬೆಳೆದದ್ದೇ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿರೋ ಗಿಲ್ಮನ್ ಸ್ಟ್ರೀಟಿನ ಒಂದು ಜಾಗದಲ್ಲಿ. ಹೆಂಡ ಮಾರೋದಿಲ್ಲ, ಎಲ್ಲ ವಯಸ್ಸಿನೋರೂ ಬರಬಹುದು. ಫುಗಾಜಿ ಅನ್ನೋ ಬ್ಯಾಂಡ್ ಟಿಕೆಟ್ಟನ್ನು ಐದು ಡಾಲರ್ ಆಸುಪಾಸು ಇಡೋಕೆ, ಚಿಕ್ಕೋರನ್ನೂ ಒಳಗೆ ಬಿಡಿಸೋಕೆ ವರ್ಷಗಟ್ಟಲೆ ಹಟ ಹಿಡೀತು. ಬೆಂಗಳೂರಿನಲ್ಲಿ ಪಂಕ್ ಕೇಳಬೇಕಂದ್ರೆ ಬಿಯರ್ ಮಾರೋ ಜಾಗಕ್ಕೇ ಹೋಗಬೇಕು. ಚಿಕ್ಕ ಬ್ಯಾಂಡಿಗೆ ಹಾಲ್ ಬಾಡಿಗೆ ಕೊಡೋ ಶಕ್ತಿ ಇಲ್ಲ, ಪಬ್ಬಿನೋರು ಬಿಯರ್ ಖರ್ಚಾಗುತ್ತೆ ಅಂತ ಜಾಗ ಕೊಡ್ತಾರೆ. ಲೆಕ್ಕ ಅರ್ಥ ಆಗುತ್ತೆ. ಆದರೆ ಆ ಲೆಕ್ಕದಲ್ಲಿ 799 ಕೊಡೋಕಾಗದ ಹುಡುಗ ಹೊರಗೆ, ಹದಿನಾರರ ಹುಡುಗಿ ಹೊರಗೆ, ನನ್ನ ಮಗಳು ಹೊರಗೆ. ಒಳಗೆ ಉಳಿಯೋದು ಯಾರ ಮೇಲೂ ಅಂಥ ಸಿಟ್ಟಿಲ್ಲದ ನಾವು.

ಒಂಬತ್ತೂಕಾಲಿಗೆ ಹೊರಗೆ ಬಂದಾಗ ಹಾಡುವ ಹುಡುಗ ಮೆಟ್ಟಿಲ ಹತ್ರ ನೀರು ಕುಡೀತಾ ನಿಂತಿದ್ದ. ಬಾಡಿಗೆ ಹಾಡು ತುಂಬಾ ಚೆನ್ನಾಗಿದೆ, ಕನ್ನಡದಲ್ಲಿ ಅದೊಂದೇ ಯಾಕೆ ಅಂತ ಕೇಳಿದೆ. "ಕನ್ನಡದಲ್ಲಿ ಹಾಡಿದ್ರೆ ಓನರ್‌ಗೆ ಅರ್ಥ ಆಗ್ಬಿಡುತ್ತಲ್ಲ ಸರ್, ನಾವು ಪ್ರಾಕ್ಟೀಸ್ ಮಾಡೋದು ಅವ್ರ ಮನೆ ಮೇಲೇ" ಅಂದ. ನಗ್ತಾನೇ ಅಂದ, ಆದರೆ ಅವನು ತಮಾಷೆ ಮಾಡ್ತಿದ್ದಾನೆ ಅಂತ ನನಗೆ ಅನ್ನಿಸಲಿಲ್ಲ.

ಹತ್ತಕ್ಕೆ ಐದು ನಿಮಿಷ ಇರುವಾಗ ಮನೆ ಸೇರಿದೆ. ಮೊದಲ ಬಾಟಲಿ ಡ್ರಾಪ್ಸ್ ಹಾಕಿ, ಐದು ನಿಮಿಷದಲ್ಲಿ ಅವ್ವನಿಗೆ ಫೋನಿನ ರೆಕಾರ್ಡಿಂಗ್ ಕೇಳಿಸಿದೆ. ಮಲಗದೇ ಕಾಯ್ತಿದ್ದ ಮಗಳೂ ಬಂದು ಹಾಸಿಗೆ ಹತ್ತಿದಳು.

"ಅಡ್ವಾನ್ಸ್ ಅಂದ್ರೇನಪ್ಪ?"

ನಾನು ಬಾಯಿ ತೆರೆಯೋದ್ರೊಳಗೆ ಅವ್ವ ಕಣ್ಣು ಮುಚ್ಚಿಕೊಂಡೇ ಹೇಳಿದಳು, "ಪೂರ್ತಿ ವಾಪಸ್ ಬರದ ರೊಕ್ಕ, ನನ್ನವ್ವಾ."

ಮಗಳು ಇನ್ನೊಂದು ಸಲ ಹಾಕು ಅಂದಳು. ಹಾಕಿದೆ. ಈ ಸಲ ಅವ್ವ ಇದು ಒಂದೇ ಹಾಡು ಅಂತ ತಕರಾರು ಮಾಡಲಿಲ್ಲ. ಅರ್ಧಕ್ಕೆ ಬಂದಾಗ ಮಾತ್ರ ಕೈ ಎತ್ತಿ, ಸದ್ದು ಸಣ್ಣ ಮಾಡು ಅಂದಳು, ಕೆಳಗಿನ ಮನೆಯಾಗ ಓನರ್ ಮಲಗಿರ್ತಾರ ಅಂತ.