ಬೆನ್ನಚೀಲ, ಬುತ್ತಿಗಂಟು, ವಸ್ತಿ ಗಾಡಿ

ಬೆನ್ನಿಗೆ ಚೀಲ ಏರಿಸಿಕೊಂಡು ಸರ್ಕಾರಿ ಬಸ್ಸಿನಲ್ಲೇ ಊರೂರು ಸುತ್ತುವ ಹುಡುಗ ಹುಡುಗಿಯರು ಈಚೆಗೆ ಬೈಲಹೊಂಗಲ, ಸವದತ್ತಿ ಕಡೆಗೂ ಕಾಣಿಸುತ್ತಿದ್ದಾರೆ. ಹಂಪಿ, ಗೋಕರ್ಣ, ಬಾದಾಮಿ ಮುಗಿಯಿತು, ಇನ್ನೇನು ಉಳಿದಿದೆ ಎಂದು ಹುಡುಕಿಕೊಂಡು ಬರುವವರು. ಮನೆಗೆ ಮರಳಿ ಅವರು ಬರೆಯುವ ಬರಹಗಳಿಗೆ ಒಂದು ಅಚ್ಚು ಬಿದ್ದಿದೆ: ಬಸ್ಸು ತಪ್ಪಿತು, ಟಯರ್ ಪಂಕ್ಚರ್ ಆಯಿತು, ರಾತ್ರಿ ಗುಡಿಯ ಕಟ್ಟೆಯ ಮೇಲೆ ಮಲಗಿದೆವು, ಯಾರೋ ಅಜ್ಜಿ ರೊಟ್ಟಿ ಕೊಟ್ಟಳು, ಬದುಕು ಅರ್ಥವಾಯಿತು. ಪಂಕ್ಚರ್ ಆದ ಟಯರಿನಿಂದ ಬದುಕು ಇಷ್ಟು ಬೇಗ ಅರ್ಥವಾಗುವುದಾದರೆ ಡಿಪೊಗಳ ಮೆಕ್ಯಾನಿಕರೆಲ್ಲ ಇಷ್ಟರಲ್ಲಿ ಋಷಿಗಳಾಗಿರಬೇಕಿತ್ತು.

ಅವರ ತಿರುಗಾಟದ ಬಗ್ಗೆ ನನ್ನ ತಕರಾರಿಲ್ಲ. ಈ ಸೀಮೆ ನೋಡಲು ಬಸ್ಸಿಗಿಂತ ಒಳ್ಳೆಯ ವಾಹನವಿಲ್ಲ ಎಂಬುದೇ ನನ್ನ ಅಭಿಪ್ರಾಯ. ತಕರಾರು ಇರುವುದು ಅವರು ಅವಾಂತರವನ್ನು ಕಾಣುವ ರೀತಿಯಲ್ಲಿ. ಇಲ್ಲಿ ಬಸ್ಸು ತಪ್ಪುವುದು ದೈವಯೋಗವಲ್ಲ. ಯಾವ ಗಾಡಿ ಯಾರಿಗಾಗಿ ಯಾವ ಹೊತ್ತಿಗೆ ಓಡುತ್ತದೆ ಎಂಬುದಕ್ಕೆ ಒಂದು ಲೆಕ್ಕವಿದೆ. ಆ ಲೆಕ್ಕ ತಿಳಿಯದವನಿಗೆ ಎಲ್ಲವೂ ಸಾಹಸ, ತಿಳಿದವರಿಗೆ ದಿನದ ಹಾಡು.

ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗಗಳನ್ನು ತೊರಗಲ್ ಸೀಮೆ ಎಂದು ಬಾಯಲ್ಲಿ ಒಂದುಗೂಡಿಸುವುದು ಸುಲಭ, ಬಸ್ಸಿನಲ್ಲಿ ಒಂದುಗೂಡಿಸುವುದು ಕಷ್ಟ. ನಾಲ್ಕರಲ್ಲಿ ಒಂದಕ್ಕೂ ರೈಲಿಲ್ಲ. ಪುಣೆ–ಬೆಂಗಳೂರು ಹೆದ್ದಾರಿ ಕಿತ್ತೂರಿನ ಮಗ್ಗುಲಲ್ಲಿ ಹಾದುಹೋಗುತ್ತದೆ. ಉಳಿದ ಮೂರಕ್ಕೆ ಒಳರಸ್ತೆಗಳೇ ಗತಿ. ಆ ರಸ್ತೆಗಳೂ ಒಂದು ತಾಲೂಕಿನಿಂದ ಇನ್ನೊಂದಕ್ಕೆ ಹೋಗುವುದಕ್ಕಿಂತ ಧಾರವಾಡ, ಹುಬ್ಬಳ್ಳಿ, ಬೆಳಗಾವಿಗಳ ಕಡೆ ಮುಖ ಮಾಡಿದ್ದೇ ಹೆಚ್ಚು. ಇದರ ಬೇರು ಹಳೆಯದಿರಬೇಕು. ಬ್ರಿಟಿಷರ ಆಡಳಿತದಲ್ಲಿ ಬೈಲಹೊಂಗಲವು ಸಂಪಗಾಂವ ತಾಲೂಕಿನ ಕಚೇರಿಯ ಊರು, ಸವದತ್ತಿ ಪರಸಗಡ ತಾಲೂಕಿನದು. ರಾಮದುರ್ಗ 1948ರವರೆಗೂ ಬೇರೆಯೇ ಸಂಸ್ಥಾನ. ತೊರಗಲ್ಲು ಎಂಬ ಊರೋ ಕೊಲ್ಲಾಪುರಕ್ಕೆ ನಡೆದುಕೊಳ್ಳುತ್ತಿದ್ದ ಶಿಂಧೆ ಮನೆತನದ ಜಹಗೀರು. ಶಾಸನಗಳಲ್ಲಿ ತೊರಗಲೆ ಆರುಸಾವಿರ ಎಂದು ನಾಡಿಗೆ ಹೆಸರು ಕೊಟ್ಟ ಊರು ಅದು. ಅದರ ಸುತ್ತಲಿನ ನೆಲ ಮಾತ್ರ ಹೀಗೆ ಹಲವು ದರ್ಬಾರು, ಹಲವು ಕಚೇರಿಗಳಿಗೆ ಹಂಚಿಹೋಗಿತ್ತು. ಈಗ ಇವಕ್ಕೆಲ್ಲ ಬಸ್ಸು ಓಡಿಸುವ ವಾಯವ್ಯ ಸಾರಿಗೆ ಸಂಸ್ಥೆ ಹುಬ್ಬಳ್ಳಿ ಕೇಂದ್ರವಾಗಿ ಬೇರೆಯಾಗಿದ್ದು 1997ರಲ್ಲಿ. ಅದಾದ ಮೇಲೂ, ಇವತ್ತಿಗೂ ಕಿತ್ತೂರಿನಿಂದ ರಾಮದುರ್ಗಕ್ಕೆ ಹೊರಟವರು ಗಾಡಿ ಬದಲಿಸುತ್ತಲೇ ಹೋಗುವುದು ವಾಡಿಕೆ.

ಹಾಗೆ ಬದಲಿಸುವುದರಲ್ಲೇ ಈ ದಾರಿಯ ಸುಖವೂ ಇದೆ. ಕಿತ್ತೂರಿನಲ್ಲಿ ಹತ್ತುವಾಗ ಕಿಟಕಿಯಾಚೆ ಮಲೆನಾಡಿನ ಸೆರಗು: ಭತ್ತ, ಕಬ್ಬು, ಕೆಂಪು ಮಣ್ಣು. ಬೈಲಹೊಂಗಲ ದಾಟುವ ಹೊತ್ತಿಗೆ ನೆಲ ಕಪ್ಪಾಗಿರುತ್ತದೆ. ಎರಿ ಹೊಲ, ಹತ್ತಿ, ಜೋಳ, ಕಡಲೆ. ಸವದತ್ತಿಗೆ ಬಂದರೆ ಮರಳುಗಲ್ಲಿನ ಗುಡ್ಡಗಳು. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಆ ಗುಡ್ಡಗಳನ್ನು ಸೀಳಿಕೊಂಡು ದಾಟುವ ಕಣಿವೆಯೇ ನವಿಲುತೀರ್ಥ. ಅಲ್ಲೇ ಅಣೆಕಟ್ಟು ಕಟ್ಟಿ ರೇಣುಕಾಸಾಗರ ನಿಲ್ಲಿಸಿದ್ದಾರೆ. ಬಸ್ಸಿನ ಕಿಟಕಿ ಕಾರಿನದಕ್ಕಿಂತ ಎತ್ತರ, ಬೇಲಿ ದಾಟಿ ಹೊಲದೊಳಗೆ ಕಣ್ಣು ಹೋಗುತ್ತದೆ. ಒಳಗಿನ ಮಾತೂ ಬದಲಾಗುತ್ತ ಹೋಗುತ್ತದೆ: ಬೈಲಹೊಂಗಲದ ಗಾಡಿಯಲ್ಲಿ ಕಬ್ಬಿನ ಬಿಲ್ಲು, ಹತ್ತಿಯ ದರ, ಸವದತ್ತಿಯ ಗಾಡಿಯಲ್ಲಿ ಕಾಲುವೆಯ ನೀರು, ರಾಮದುರ್ಗದ ಗಾಡಿಯಲ್ಲಿ ಮಗ್ಗ, ನೂಲು, ಸೀರೆ.

ಸ್ಮಾರಕ ನೋಡುವುದೇ ಗುರಿಯಾದವರಿಗೆ ಮಾತ್ರ ಬಸ್ಸು ಅಷ್ಟಕ್ಕಷ್ಟೇ. ಕಿತ್ತೂರು ಪರವಾಗಿಲ್ಲ, ಊರೊಳಗಿನಿಂದಲೇ ಕೋಟೆಗೆ ನಡೆದುಹೋಗಬಹುದು. 1824ರ ಅಕ್ಟೋಬರ್ 23ರಂದು ಬ್ರಿಟಿಷ್ ಅಧಿಕಾರಿ ಥ್ಯಾಕರೆ ಬಿದ್ದ ಜಾಗವನ್ನೂ ಅರಮನೆಯ ಪಾಳುಗೋಡೆಗಳನ್ನೂ ನೋಡಿ ಮಧ್ಯಾಹ್ನದೊಳಗೆ ಬೈಲಹೊಂಗಲಕ್ಕೆ ಬಂದರೆ, ಸೆರೆಯಲ್ಲೇ 1829ರಲ್ಲಿ ತೀರಿಕೊಂಡ ರಾಣಿ ಚೆನ್ನಮ್ಮನ ಸಮಾಧಿಯೂ ಸಿಗುತ್ತದೆ. ರಾಯಣ್ಣನ ಸಂಗೊಳ್ಳಿಯನ್ನೂ ಸೇರಿಸಿಕೊಳ್ಳುತ್ತೇನೆ ಎಂದರೆ ದಿನ ಸಾಲದು. ಸೊಗಲದ ಜಲಪಾತ, ಹೂಲಿಯ ಪಂಚಲಿಂಗೇಶ್ವರ, ಸುರೇಬಾನದ ಹತ್ತಿರದ ಶಬರಿಕೊಳ್ಳ, ಇವೆಲ್ಲ ಪಟ್ಟಿ ಹಿಡಿದು ಗೀಟು ಹಾಕುತ್ತ ಹೋಗುವವರಿಗೆ ಒಗ್ಗುವ ಜಾಗಗಳಲ್ಲ. ಒಂದಕ್ಕೆ ಹೋಗಿ ಸುಮ್ಮನೆ ಕೂತು ಬರುವುದೇ ಒಳ್ಳೆಯದು.

ಈ ಕಡೆಯ ಬಸ್ಸುಗಳ ಲೆಕ್ಕ ಹಿಡಿಯಬೇಕಾದರೆ ವಸ್ತಿ ಗಾಡಿಯನ್ನು ಅರಿಯಬೇಕು. ಸಂಜೆ ತಾಲೂಕು ನಿಲ್ದಾಣದಿಂದ ಹೊರಟು, ಹಳ್ಳಿ ಸೇರಿ, ರಾತ್ರಿ ಅಲ್ಲೇ ಉಳಿದು, ನಸುಕಿನಲ್ಲಿ ತಿರುಗಿ ಪೇಟೆಗೆ ಬರುವ ಬಸ್ಸು ಅದು. ಡ್ರೈವರು ಕಂಡಕ್ಟರು ಬಸ್ಸಿನೊಳಗೋ ಗುಡಿಯ ಪಡಸಾಲೆಯಲ್ಲೋ ಮಲಗುತ್ತಾರೆ. ಊರವರ ಯಾವುದೋ ಮನೆಯಿಂದ ರೊಟ್ಟಿ ಪಲ್ಯ ಬರುತ್ತದೆ. ಕೋಳಿ ಕೂಗುವ ಹೊತ್ತಿಗೆ ಡ್ರೈವರು ಉದ್ದಕ್ಕೆ ಹಾರ್ನ್ ಹೊಡೆದರೆ ಊರಿಗೆಲ್ಲ ಅದೇ ಗಡಿಯಾರ. ಹಾಲಿನ ಕ್ಯಾನು, ಸೊಪ್ಪಿನ ಬುಟ್ಟಿ, ಬೆಳಗಿನ ಕ್ಲಾಸಿಗೆ ಹೊರಟ ಕಾಲೇಜಿನ ಹುಡುಗಿಯರು, ಕೋರ್ಟಿನ ತಾರೀಖು ಇರುವ ಅಣ್ಣತಮ್ಮಂದಿರು, ಒಂದೇ ಜಮೀನಿಗೆ ಬಡಿದಾಡಿದವರು, ಅಕ್ಕಪಕ್ಕದ ಸೀಟಿನಲ್ಲಿ. ಈ ಗಾಡಿ ಹಳ್ಳಿಯವರನ್ನು ಬೆಳಿಗ್ಗೆ ಪೇಟೆಗೆ ಒಯ್ದು ಸಂಜೆ ಮನೆ ಮುಟ್ಟಿಸುವುದಕ್ಕಾಗಿ ಇರುವುದು. ಪ್ರವಾಸಿಯ ಅಗತ್ಯ ಇದಕ್ಕೆ ತೀರಾ ಉಲ್ಟಾ. ಅವನು ಸಂಜೆ ಹಳ್ಳಿಗೆ ಹೋಗಿ ಒಂದು ಗುಡಿ ನೋಡಿ ಅದೇ ಗಾಡಿಗೆ ಮರಳಬೇಕೆನ್ನುತ್ತಾನೆ. “ಇನ್ನ ಮುಂಜಾನೆನ ರೀ ಗಾಡಿ” ಎಂದು ಕಂಡಕ್ಟರು ಚೀಲ ತಲೆದಿಂಬು ಮಾಡಿಕೊಂಡಾಗ ಆತನಿಗೆ ಅದು ರೋಮಾಂಚಕ ರಾತ್ರಿ. ಆ ಅಜ್ಜಿಯ ರೊಟ್ಟಿ ಬರುವುದೂ ಅಲ್ಲಿಂದಲೇ. ಕಂಡಕ್ಟರಿಗೆ ಇಟ್ಟ ಬುತ್ತಿಯಲ್ಲಿ ಪಾಲು ಸಿಕ್ಕಿತು ಎಂದು ಯಾವ ಬರಹದಲ್ಲೂ ಓದಿದ ನೆನಪಿಲ್ಲ.

ಹುಣ್ಣಿಮೆಯದು ಎರಡನೇ ಲೆಕ್ಕ. ಸವದತ್ತಿಯಿಂದ ಐದಾರು ಕಿಲೋಮೀಟರಿನ ಎಲ್ಲಮ್ಮನ ಗುಡ್ಡಕ್ಕೆ ಮಂಗಳವಾರ, ಶುಕ್ರವಾರ ಜನ ಇದ್ದದ್ದೇ. ಹೊಸ್ತಿಲ ಹುಣ್ಣಿಮೆ, ಬನದ ಹುಣ್ಣಿಮೆ, ಭಾರತ ಹುಣ್ಣಿಮೆ, ದವನದ ಹುಣ್ಣಿಮೆಗಳಲ್ಲಿ ಮಾತ್ರ ಈ ಸೀಮೆಯ ರಸ್ತೆಗಳೆಲ್ಲ ಗುಡ್ಡಕ್ಕೇ ಹರಿಯುತ್ತವೆ. ಚಕ್ಕಡಿ, ಟ್ರ್ಯಾಕ್ಟರು, ಕೊಲ್ಲಾಪುರದ ಕಡೆಯವರು ಒಟ್ಟಾಗಿ ಬಾಡಿಗೆ ಹಿಡಿದು ತರುವ ಮಹಾರಾಷ್ಟ್ರದ ಎಸ್.ಟಿ. ಗಾಡಿಗಳು, ನಮ್ಮ ಕಡೆಯ ಜಾತ್ರಾ ವಿಶೇಷಗಳು. ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿಯುವ ಕಲೆಯ ಪೂರ್ಣರೂಪ ನೋಡಬೇಕಾದರೆ ಆ ದಿನಗಳಲ್ಲಿ ಸವದತ್ತಿ ನಿಲ್ದಾಣಕ್ಕೆ ಹೋಗಬೇಕು. ಟವೆಲ್ ಮುಗಿದರೆ ಕೂಸನ್ನೇ ಕಿಟಕಿಯಿಂದ ಒಳಗೆ ದಾಟಿಸುತ್ತಾರೆ, ಕೂಸು ಕೂತದ್ದು ಮನೆಮಂದಿಯ ಸೀಟು. ದೇವಿಯ ಬುಟ್ಟಿ ‘ಜಗ’ ಹೊತ್ತ ಜೋಗಮ್ಮ ಹತ್ತಿದರೆ ಅಷ್ಟು ಗದ್ದಲದಲ್ಲೂ ದಾರಿ ಬಿಡುತ್ತಾರೆ. ನಿಂತವರು ಬಗ್ಗಿ ಕಾಲು ಮುಟ್ಟುತ್ತಾರೆ, ಭಂಡಾರ ಸೀಟು, ರಾಡು, ಕಂಡಕ್ಟರನ ಮಷಿನ್ನಿಗೂ ಹತ್ತುತ್ತದೆ. ಬಸ್ಸಿನ ತಿರುಗಾಟಕ್ಕೆ ಇದಕ್ಕಿಂತ ದೊಡ್ಡ ನೋಟ ಉತ್ತರ ಕರ್ನಾಟಕದಲ್ಲಿ ಸಿಗಲಿಕ್ಕಿಲ್ಲ. ಆದರೆ ಗುಡ್ಡಕ್ಕೆ ಹೆಚ್ಚಿನ ಗಾಡಿ ಎಲ್ಲಿಂದ ಬರುತ್ತವೆ? ಹಳ್ಳಿಯ ದಾರಿಗಳಿಂದಲೇ. ಜಾತ್ರೆಯ ಚೆಂದವನ್ನು ಬರೆಯುವವರು, ಆ ಬೆಳಿಗ್ಗೆ ಬಾರದ ಗಾಡಿಗೆ ಕಾದು ಕ್ಲಾಸು ತಪ್ಪಿಸಿಕೊಂಡ ಹುಡುಗಿಯನ್ನೂ ಚೆಂದದ ಲೆಕ್ಕದಲ್ಲಿ ಕಳೆಯಬೇಕು.

ಈ ಬಸ್ಸುಗಳಲ್ಲಿ ನಿಜವಾಗಿ ಊರು ನೋಡುತ್ತ ತಿರುಗುತ್ತಿರುವವರು ಬೇರೆಯವರೇ ಇದ್ದಾರೆ. 2023ರ ಜೂನ್ 11ರಂದು ಉಚಿತ ಪ್ರಯಾಣದ ‘ಶಕ್ತಿ’ ಯೋಜನೆ ಬಂದ ಮೇಲೆ ಓಣಿಯ ಹೆಣ್ಣುಮಕ್ಕಳು ಐದು, ಹತ್ತು ಮಂದಿ ಕೂಡಿಕೊಂಡು ಹೊರಡುತ್ತಾರೆ: ಗುಡ್ಡ, ಸೊಗಲ, ಗೊಡಚಿಯ ವೀರಭದ್ರ, ಶಬರಿಕೊಳ್ಳ, ಶಿರಸಂಗಿಯ ಕಾಳಮ್ಮ. ಕೈಯಲ್ಲಿ ಬುತ್ತಿಗಂಟು, ಎಲೆಅಡಿಕೆ ಚೀಲದೊಳಗೆ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಆಧಾರ್ ಕಾರ್ಡು. ಹೊಲದ ಕೆಲಸ ಇಲ್ಲದ ದಿನ ಆಗಬೇಕು, ಮೊಮ್ಮಕ್ಕಳ ಶಾಲೆ ಬಿಡುವುದರೊಳಗೆ ಮನೆ ಸೇರಬೇಕು; ಅಷ್ಟರಲ್ಲಿ ಎರಡು ದೇವರು, ಒಂದು ನೀರಿನ ಜಾಗ, ಒಬ್ಬ ಮಗಳ ಮನೆ. ವೇಳೆಯನ್ನು ಅಷ್ಟು ಜಾಣತನದಿಂದ ಹೆಣೆಯುವವರನ್ನು ನಾನು ಬೆನ್ನಚೀಲದವರಲ್ಲಿ ಕಂಡಿಲ್ಲ. ಎಷ್ಟೋ ಮಂದಿಗೆ ಗಂಡಸರ ಜೊತೆಯಿಲ್ಲದೆ ಊರು ದಾಟಿದ ಮೊದಲ ಪ್ರಯಾಣವೇ ಇದು. ಪ್ರವಾಸೋದ್ಯಮದ ಹೆಸರಿನಲ್ಲಿ ಹಾಕಿದ ಫಲಕಗಳೆಲ್ಲ ಸೇರಿ ಮಾಡದ ಕೆಲಸವನ್ನು ಒಂದು ಶೂನ್ಯ ಟಿಕೆಟು ಮಾಡಿತು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಬಸ್ಸು ತುಂಬಿ ತುಳುಕುತ್ತವೆ, ರೊಕ್ಕ ಕೊಟ್ಟ ಗಂಡಸು ನಿಲ್ಲಬೇಕು ಎಂಬ ಗೊಣಗಾಟ ಸುಳ್ಳಲ್ಲ. ಅದಕ್ಕೆ ಮದ್ದು ಗಾಡಿ ಹೆಚ್ಚಿಸುವುದೇ ಹೊರತು ಅವರನ್ನು ಮನೆಯಲ್ಲಿ ಕೂರಿಸುವುದಲ್ಲ.

ಬೆನ್ನಚೀಲಕ್ಕೂ ಬುತ್ತಿಗಂಟಿಗೂ ಜಗಳ ಆಗುವುದು ಇಲ್ಲೇ. ಸವದತ್ತಿಯಿಂದ ಮುನವಳ್ಳಿಗೆ ಹೋಗುವ ಗಾಡಿಯಲ್ಲಿ ಹುಡುಗನೊಬ್ಬ ಆಳೆತ್ತರದ ಚೀಲವನ್ನು ಪಕ್ಕದ ಸೀಟಿನ ಮೇಲೆ ಕೂರಿಸಿದ್ದ. ಕೂಸು ಎತ್ತಿಕೊಂಡು ನಿಂತಿದ್ದಾಕೆ ಸ್ವಲ್ಪ ಹೊತ್ತು ನೋಡಿದಳು. “ಅದಕ್ಕ ಟಿಕೀಟ ತಗದೀಯೇನಪಾ?” ಎಂದಳು. ಬಸ್ಸೆಲ್ಲ ನಕ್ಕಿತು. ಹುಡುಗನೂ ನಕ್ಕು ಚೀಲವನ್ನು ತೊಡೆಗೆ ತಂದುಕೊಂಡ. ಮುಂದೆ ದಾರಿಯುದ್ದಕ್ಕೂ ಆ ಕೂಸು ಚೀಲದ ಹಗ್ಗ ಚೀಪುತ್ತ ಬಂತು.

ಅದೇ ದಾರಿಯಲ್ಲಿ ಇನ್ನೊಮ್ಮೆ, ಕಬ್ಬು ನುರಿಸುವ ಹಂಗಾಮಿನಲ್ಲಿ, ಎರಡು ಟ್ರೇಲರು ಕಟ್ಟಿಕೊಂಡು ಹೊರಟಿದ್ದ ಟ್ರ್ಯಾಕ್ಟರು ತಿರುವಿನಲ್ಲಿ ಹಿಂದಿನ ಟ್ರೇಲರನ್ನು ಮಗುಚಿ ರಸ್ತೆ ತುಂಬ ಕಬ್ಬು ಚೆಲ್ಲಿತು. ಎರಡೂ ಕಡೆ ಗಾಡಿ ನಿಂತವು. ನಾವು ಕೆಲವರು ಇಳಿದು, ಮುರಿದ ಜಲ್ಲೆ ಎತ್ತಿಕೊಂಡು ಕಡಿಯುತ್ತ, ಒಳ್ಳೆಯ ಅನುಭವವಾಯಿತು ಎಂಬ ಮುಖ ಮಾಡಿಕೊಂಡು ನಿಂತೆವು. ಒಬ್ಬಾತ ಫೋಟೊ ತೆಗೆಯುತ್ತಿದ್ದ. “ಏ ತಮ್ಮಾ, ಫೋಟೊ ಸಾಕ ಮಾಡು, ಇತ್ಲಾಗ ಒಂದ ಕೈ ಹಚ್ಚು” ಎಂದು ಡ್ರೈವರು ಕೂಗಿದ ಮೇಲೆಯೇ ನಾವೆಲ್ಲ ಕಬ್ಬು ಸರಿಸಲು ಹೋಗಿದ್ದು. ಬಸ್ಸಿನೊಳಗೆ ಒಬ್ಬ ಮುದುಕ ಇಳಿಯದೆ ಕೂತಿದ್ದ, ತೊಡೆಯ ಮೇಲೆ ಎಕ್ಸ್‌ರೇಯ ದೊಡ್ಡ ಲಕೋಟೆ. ಹುಬ್ಬಳ್ಳಿಯ ದವಾಖಾನೆಯಲ್ಲಿ ಹನ್ನೊಂದರೊಳಗೆ ಚೀಟಿ ಮಾಡಿಸಬೇಕಿತ್ತು. ದಾರಿ ತೆರವಾದಾಗ ಹನ್ನೊಂದಾಗಿತ್ತು. ಆತ ಸವದತ್ತಿಯಲ್ಲಿ ಇಳಿದು ತಿರುಗಿ ಊರಿನ ಗಾಡಿ ಹತ್ತಿದ.

2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿದಾಗ ಇದೇ ದಾರಿಗಳು ತುಂಡುತುಂಡಾದವು. ರಾಮದುರ್ಗದ ಓಣಿಗಳಿಗೆ ನೀರು ನುಗ್ಗಿತು, ಮಗ್ಗಗಳು ಕೆಸರಿನಲ್ಲಿ ಹೂತವು, ಮುನವಳ್ಳಿಯಲ್ಲಿ ಸೇತುವೆ ಮುಳುಗಿತು. 2022ರ ಡಿಸೆಂಬರಿನಲ್ಲಿ ನದಿಯೇನೂ ಉಕ್ಕಿರಲಿಲ್ಲ. ಗಡಿಯ ಗಲಾಟೆಗೆ ಕರ್ನಾಟಕ, ಮಹಾರಾಷ್ಟ್ರಗಳ ನಡುವಿನ ಬಸ್ಸು ನಿಂತವು, ಹೊಸ್ತಿಲ ಹುಣ್ಣಿಮೆಯ ಹೊತ್ತಿನಲ್ಲೇ. ಇಂಥವನ್ನು ಸಾಹಸ ಎಂದು ಬರೆಯಲು ಯಾರಿಗೂ ಕೈ ಬರುವುದಿಲ್ಲ. ಹಾಗಾದರೆ ಗೆರೆ ಎಲ್ಲಿದೆ? ಮರುದಿನ ಬೇರೆ ದಾರಿ ಹಿಡಿಯುವ ರೊಕ್ಕ ಕಿಸೆಯಲ್ಲಿ ಇದ್ದವನಿಗೆ ಅವಾಂತರ ಕತೆಯಾಗುತ್ತದೆ. ಬಸ್ಸಿನ ಪ್ರವಾಸ ಬರೆಯುವವರಿಂದ ನಾನು ಬಯಸುವುದು ಆ ಗೆರೆಯ ಎಚ್ಚರವನ್ನು. ಅಷ್ಟಿದ್ದರೆ ನಗೆಗೂ ನನ್ನ ಅಡ್ಡಿಯಿಲ್ಲ.

ಇನ್ನು ತೊರಗಲ್ಲು ಎಂಬ ಊರು. ಸವದತ್ತಿ, ರಾಮದುರ್ಗಗಳ ನಡುವೆ ಮಲಪ್ರಭೆಯ ದಂಡೆಯ ಮೇಲೆ ಕೋಟೆಯೊಳಗೇ ಊರು, ಭೂತನಾಥನ ಹಳೆಯ ಗುಡಿಗಳು. ಕಾರಿನಲ್ಲಿ ಬಂದವರು ಅರ್ಧ ಗಂಟೆ ನಿಂತು ಹೋಗುವ ಜಾಗ. ಬಸ್ಸಿನಲ್ಲಿ ಹೋದರೆ ಮರಳುವ ಗಾಡಿಯವರೆಗೆ ಕಾಯಲೇಬೇಕು, ಹಾಗಾಗಿ ಕೋಟೆಗೋಡೆಯ ಕಲ್ಲು ಯಾವ ಮನೆಯ ಹಿತ್ತಲಿಗೆ ಸೇರಿದೆ, ಯಾರ ಎಮ್ಮೆ ಯಾವ ಬುರುಜಿನ ನೆರಳಲ್ಲಿ ಮಲಗುತ್ತದೆ ಎನ್ನುವವರೆಗೆ ತಿಳಿಯುತ್ತದೆ. ಈ ಕಾಯುವಿಕೆಯ ಮಟ್ಟಿಗೆ ಬೆನ್ನಚೀಲದವರ ಬರಹಗಳ ಜೊತೆ ನನ್ನ ಪೂರ್ತಿ ಸಹಮತವಿದೆ.

2024ರಲ್ಲಿ ಕೇಂದ್ರ ಸರ್ಕಾರ ಎಲ್ಲಮ್ಮನ ಗುಡ್ಡದ ಅಭಿವೃದ್ಧಿಗೆ 100 ಕೋಟಿ ರೂಪಾಯಿ ಒಪ್ಪಿದೆ. ಕಟ್ಟಡ ಏಳುತ್ತವೆ, ಕಾರಿನ ನಿಲುಗಡೆ ದೊಡ್ಡದಾಗುತ್ತದೆ, ಅದಕ್ಕೆ ಯಾರೂ ಹೇಳಿಕೊಡಬೇಕಿಲ್ಲ. ಬುತ್ತಿಗಂಟಿನವರನ್ನು ಕೇಳಿದ್ದರೆ ಪಟ್ಟಿ ಬೇರೆ ಬರುತ್ತಿತ್ತು: ಗುಡ್ಡದಲ್ಲಿ ಹೆಣ್ಣುಮಕ್ಕಳಿಗೆ ಬಾಗಿಲು ಸರಿಯಾಗಿ ಹಾಕಿಕೊಳ್ಳುವ, ನೀರಿರುವ ಪಾಯಖಾನೆ, ಬಿಸಿಲಿಗೆ ನೆರಳಿರುವ ಬಸ್ ತಂಗುದಾಣ, ಕೊನೆಯ ಗಾಡಿ ಎಷ್ಟು ಹೊತ್ತಿಗೆಂದು ದೊಡ್ಡ ಅಕ್ಷರದಲ್ಲಿ ಬರೆದ ಬೋರ್ಡು, ಮತ್ತು ಹುಣ್ಣಿಮೆಗೆಂದು ಹಳ್ಳಿಯಿಂದ ಕಿತ್ತುಕೊಂಡ ಗಾಡಿಗೆ ಬದಲಿ ಗಾಡಿ.